ಗಾಳಿಯಲ್ಲಿ ಹುಟ್ಟುವ ಕಣಗಳನ್ನೂ ಎಣಿಸಿ

ಮಾನ್ಯರೇ,

ಮೈಸೂರು–ಮಂಡ್ಯ ಭಾಗದ ವಾಯುಗುಣಮಟ್ಟದ ವರದಿಗಳು ಪಿಎಂ 2.5 ಮತ್ತು ಪಿಎಂ 10 (ಅಂದರೆ 2.5 ಹಾಗೂ 10 ಮೈಕ್ರಾನ್‌ವರೆಗಿನ ಗಾತ್ರದ; ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ) ಕಣಗಳ ತೂಕವನ್ನು ತಿಳಿಸುತ್ತವೆಯೇ ಹೊರತು, ಗಾಳಿಯಲ್ಲೇ ಹೊಸದಾಗಿ ಹುಟ್ಟುವ ಅತಿಸೂಕ್ಷ್ಮ ಕಣಗಳ ಸಂಖ್ಯೆಯನ್ನು ತಿಳಿಸುವುದಿಲ್ಲ. ಇಂಧನ ಉರಿದಾಗ ಹೊರಬರುವ ಗಂಧಕದ ಡೈಆಕ್ಸೈಡ್ ಬಿಸಿಲಿನ ನೆರವಿನಿಂದ ಗಂಧಕಾಮ್ಲದ ಆವಿಯಾಗುತ್ತದೆ; ಅದು ಗೊಬ್ಬರ ಹಾಕಿದ ಗದ್ದೆಗಳಿಂದ ಏಳುವ ಅಮೋನಿಯಾದೊಡನೆ ಕೂಡಿ ಒಂದೆರಡು ನ್ಯಾನೊಮೀಟರ್ (ಮೈಕ್ರಾನ್‌ನ ಸಾವಿರದಲ್ಲಿ ಒಂದು ಭಾಗ) ಗಾತ್ರದ ಅಣುಗುಚ್ಛಗಳಾಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳಿಂದಲೂ ನೆಲದಿಂದ ಹೊರಡುವ ವಿಕಿರಣಶೀಲ ರೇಡಾನ್ ಅನಿಲದಿಂದಲೂ ಉಂಟಾಗುವ ಅಯಾನುಗಳು (ವಿದ್ಯುದಾವೇಶವುಳ್ಳ ಅಣುಗಳು) ಈ ಗುಚ್ಛಗಳು ಚದುರದಂತೆ ಹಿಡಿದಿಡುತ್ತವೆ. 10 ನ್ಯಾನೊಮೀಟರ್‌ನ ಸುಮಾರು 1.5 ಕೋಟಿ ಕಣಗಳು ಸೇರಿದರೆ 2.5 ಮೈಕ್ರಾನ್‌ನ ಒಂದೇ ಒಂದು ಕಣದಷ್ಟು ತೂಗುತ್ತವೆ. ತೂಕದ ಲೆಕ್ಕಕ್ಕೆ ಸಿಗದಿದ್ದರೂ ಇವು ಶ್ವಾಸಕೋಶದ ಆಳಕ್ಕೆ ಸಲೀಸಾಗಿ ಇಳಿಯುತ್ತವೆ.

ಕಬ್ಬು ಕಡಿದ ಗದ್ದೆಯಲ್ಲಿ ತರಗಿಗೆ ಬೆಂಕಿಯಿಟ್ಟ ಸಂಜೆ, ಅಂಗಳದಲ್ಲಿ ಒಣಹಾಕಿದ ಬಟ್ಟೆಗಳ ಮೇಲೆ ಬೆರಳುದ್ದದ ಕಪ್ಪು ಬೂದಿಯ ಎಳೆಗಳು ಬಂದು ಕೂರುತ್ತವೆ. ಕೊಡವಿದರೆ ಹೋಗುವ ಆ ಬೂದಿಗಿಂತ, ಹೊಗೆಯೊಡನೆ ಹರಡುವ ಕಣ್ಣಿಗೆ ಕಾಣದ ಆವಿ ಮತ್ತು ಕಣಗಳೇ ಹೆಚ್ಚು ಆತಂಕಕಾರಿ.

ಮೈಸೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ವಾತಾವರಣದ ರೇಡಾನ್ ಮತ್ತು ಅಯಾನುಗಳನ್ನು ಅಳೆದು ಸಂಶೋಧನಾ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಇಂತಹ ಪರಿಣತಿ ಹತ್ತಿರದಲ್ಲೇ ಇರುವುದು ನಮ್ಮ ಭಾಗ್ಯ. ಆದ್ದರಿಂದ ಮಾಲಿನ್ಯ ನಿಯಂತ್ರಣ ಮಂಡಳಿಯು ವಿಶ್ವವಿದ್ಯಾಲಯದ ಸಹಯೋಗದಲ್ಲಿ ಅದರ ಆವರಣವಾದ ಮಾನಸಗಂಗೋತ್ರಿ ಹಾಗೂ ಮಂಡ್ಯದ ಕೃಷಿ ಕೇಂದ್ರವಾದ ವಿ.ಸಿ. ಫಾರಂನಲ್ಲಿ ಕಣ ಎಣಿಸುವ ಮತ್ತು ಅಯಾನು ಅಳೆಯುವ ಉಪಕರಣಗಳನ್ನು ಅಳವಡಿಸಿ, ಕಬ್ಬು ಅರೆಯುವ ಹಂಗಾಮೂ ಸೇರಿದಂತೆ ಇಡೀ ವರ್ಷ ಮಾಪನ ನಡೆಸಿ, ಅಂಕಿಅಂಶಗಳನ್ನು ಕನ್ನಡದಲ್ಲಿ ಸಾರ್ವಜನಿಕರ ಮುಂದಿಡಬೇಕು.

– ವಿಜ್ಞಾನ ಶಿಕ್ಷಕ, ಮಂಡ್ಯ