ಕತ್ತಿನ ನೆಟಿಕೆ

ಶಿವಮೊಗ್ಗ

ಚಿ. ಪ್ರಸನ್ನನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಮೊನ್ನೆ ಮದುವೆಮನೆಯಲ್ಲಿ ಪಂಕ್ತಿಗೆ ಕೂರುವ ಮುಂಚೆ ನೀನು ಗದ್ದಕ್ಕೊಂದು ಕೈ, ನೆತ್ತಿಗೊಂದು ಕೈ ಕೊಟ್ಟು ಕತ್ತನ್ನು ಲಟಕ್ಕನೆ ತಿರುಗಿಸಿದೆ. ಆ ಸದ್ದಿಗೆ ನನ್ನ ಎದೆ ಧಸಕ್ಕೆಂದಿತು. ತಿಂಗಳಿಗೊಮ್ಮೆ ಸೆಲೂನಿನಲ್ಲಿ ನೆಟಿಕೆ ತೆಗೆಸದಿದ್ದರೆ ಲ್ಯಾಪ್‌ಟಾಪ್ ಮುಂದೆ ಕೂರಲಾಗುವುದಿಲ್ಲ ಎಂದೂ ಹೇಳಿದೆ. ನಾಲ್ಕು ಜನರೆದುರು ಬೈಯುವುದು ಬೇಡವೆಂದು ಸುಮ್ಮನಿದ್ದೆ.

ನನಗೆ ಬಂದ ಪಾರ್ಶ್ವವಾಯು ಬಿ.ಪಿ.ಯಿಂದ ಎಂದು ನೆಂಟರೆಲ್ಲ ತಿಳಿದಿದ್ದಾರೆ. ನಾಚಿಕೆಯಿಂದ ನಾನೂ ತಿದ್ದಲಿಲ್ಲ. ಅದು ಶುರುವಾದದ್ದು ಕ್ಷೌರದ ಕುರ್ಚಿಯಲ್ಲಿ. 30 ವರ್ಷ ತೆಗೆಸಿಕೊಂಡ ನೆಟಿಕೆಯೇ. ಅಂದು ಮಾತ್ರ ಎಡಗಡೆ ಹಿಂಗತ್ತಿನಲ್ಲಿ ಚುಳುಕ್ಕೆಂದಿತು. ಎರಡು ದಿನ ಅಮೃತಾಂಜನ ಹಚ್ಚಿದೆ. ಮೂರನೆಯ ಬೆಳಿಗ್ಗೆ ಕಾಫಿ ಲೋಟ ಎರಡಾಗಿ ಕಂಡಿತು. ಇಲ್ಲದ ಲೋಟಕ್ಕೆ ಕೈ ಹಾಕಿದೆ. ಎದ್ದು ನಿಂತರೆ ಮೈ ಎಡಕ್ಕೇ ವಾಲುತ್ತಿತ್ತು. ಪಿತ್ತ ನೆತ್ತಿಗೇರಿದೆ ಎಂದು ನಿಂಬೆಹಣ್ಣಿನ ಪಾನಕ ಕುಡಿದರೆ ಅದು ಗಂಟಲಿಳಿಯದೆ ಮೂಗಿಗೆ ಬಂತು. ಆಗಲೂ ಬುದ್ಧಿ ಬರಲಿಲ್ಲ, ಮಲಗಿಬಿಟ್ಟೆ. ಸಂಜೆ ಆಸ್ಪತ್ರೆ ಸೇರಿದಾಗ ಹೆಪ್ಪು ಕರಗಿಸುವ ಇಂಜೆಕ್ಷನ್ನಿಗೆ ಇರುವ ನಾಲ್ಕೂವರೆ ಗಂಟೆಯ ಗಡುವು ಎಂದೋ ಮೀರಿತ್ತು.

ಮಿದುಳಿಗೆ ರಕ್ತ ಒಯ್ಯುವ ದೊಡ್ಡ ನಾಳಗಳು ನಾಲ್ಕು. ಹಿಂದಿನ ಎರಡು, ಕತ್ತಿನ ಮೂಳೆಗಳ ತೂತುಗಳಲ್ಲಿ ದಾರ ಪೋಣಿಸಿದಂತೆ ಮೇಲೇರುತ್ತವೆ. ಕತ್ತನ್ನು ಒಮ್ಮೆಲೇ ತಿರುಚಿದಾಗ ನಾಳದ ಒಳಪದರ ಹರಿಯಬಹುದು. ಹರಿದಲ್ಲಿ ರಕ್ತ ಹೆಪ್ಪುಗಟ್ಟಿ, ಅದರ ಚೂರು ಮೇಲೆ ಹೋಗಿ ಸಿಕ್ಕಿಕೊಳ್ಳುತ್ತದೆ. ದೇಹದ ತೂಕದಲ್ಲಿ ನೂರಕ್ಕೆ 2 ಪಾಲಿರುವ ಮಿದುಳು ಆಮ್ಲಜನಕದಲ್ಲಿ 20 ಪಾಲು ತಿನ್ನುತ್ತದೆ. ಒಪ್ಪೊತ್ತು ಉಪವಾಸ ಮಾಡುವ ಅಂಗವಲ್ಲ ಅದು. ನೆಟಿಕೆ ತೆಗೆಸಿದವರಿಗೆಲ್ಲ ಹೀಗಾಗುವುದಿಲ್ಲ, ಅಪರೂಪವೇ. ಆದರೆ 50 ದಾಟದವರ ಪಾರ್ಶ್ವವಾಯುವಿಗೆ ಹೀಗೆ ನಾಳ ಹರಿಯುವುದು ಮುಖ್ಯ ಕಾರಣಗಳಲ್ಲೊಂದು. ನಿನಗಿನ್ನೂ 29.

ಇಂದಿಗೂ ನನ್ನ ಬಲಗೈಗೆ ಬಿಸಿ ತಿಳಿಯುವುದಿಲ್ಲ. ಎಡಗೈ ಅದ್ದಿ ನೋಡಿಯೇ ಸ್ನಾನದ ನೀರು ಮೈಮೇಲೆ ಹಾಕಿಕೊಳ್ಳುತ್ತೇನೆ. ನಿನ್ನ ದೊಡ್ಡಮ್ಮ ಬಚ್ಚಲಮನೆಯ ಬಾಗಿಲಾಚೆ ನಿಂತು ಎರಡೆರಡು ಸಲ ಕೇಳುತ್ತಾಳೆ, "ಎಡಗೈ ತಾನೇ?"

ಕತ್ತು ಹಿಡಿದುಕೊಂಡರೆ ಫಿಸಿಯೊಥೆರಪಿಸ್ಟ್ ಬಳಿ ಹೋಗು, ಲ್ಯಾಪ್‌ಟಾಪನ್ನು ಕಣ್ಣೆತ್ತರಕ್ಕೆ ಇಡು. ತಲೆ ತಿರುಗಿ ಎರಡೆರಡು ಕಂಡರೆ, ನಾಲಿಗೆ ತೊದಲಿದರೆ, ಅದು ಹತ್ತೇ ನಿಮಿಷದಲ್ಲಿ ಸರಿಹೋದರೂ ಸರಿ, ಗಡಿಯಾರ ನೋಡಿಕೊಂಡು 108ಕ್ಕೆ ಫೋನ್ ಮಾಡು. ಸೆಲೂನಿನಲ್ಲಿ ಕತ್ತಿಗೆ ಕೈ ಹಾಕಬೇಡ ಎಂದು ಕುರ್ಚಿಯಲ್ಲಿ ಕೂರುವ ಮೊದಲೇ ಹೇಳಿಬಿಡು. ಅವನು ನೆತ್ತಿಗೆ ಎಣ್ಣೆ ತಟ್ಟತೊಡಗಿದ ಮೇಲೆ ನಮಗೆ ನಿದ್ದೆ ಬಂದಿರುತ್ತದೆ.

ಇತಿ,
ನಿನ್ನ ದೊಡ್ಡಪ್ಪ