ತೊಳೆದು ಕೆಡಿಸಿದ ಬ್ಯಾಡ್ಜ್‌ಗಳ ಬಗ್ಗೆ ದೂರು

ಇವರಿಂದ:
ಮುದ್ರಣಾಲಯದ ಮಾಲೀಕ,
ಮಂಡಿಪೇಟೆ, ದಾವಣಗೆರೆ

ಇವರಿಗೆ:
ಕುಂದುಕೊರತೆ ಅಧಿಕಾರಿಗಳು,
ಹಳೆಯ ವಸ್ತುಗಳ ಜೋಡಣೆ ಮತ್ತು ಚೌಕಟ್ಟು ವಿಭಾಗ,
ಬೆಂಗಳೂರು

ವಿಷಯ: ನನ್ನ ಹಳೆಯ ಪಿನ್ ಬ್ಯಾಡ್ಜ್ ಸಂಗ್ರಹಕ್ಕೆ ನಿಮ್ಮ ಸಂಸ್ಥೆಯಿಂದಾದ ಹಾನಿ, ನೀವು ಇಟ್ಟುಕೊಂಡಿರುವ ಭಾಗಗಳ ವಾಪಸಾತಿ ಮತ್ತು ಪರಿಹಾರ.

ಮಾನ್ಯರೇ,

ನಾನು ಬ್ಯಾಡ್ಜ್‌ಗಳನ್ನು ಕಳುಹಿಸಿದ್ದು ಚೌಕಟ್ಟು ಹಾಕಿಸುವುದಕ್ಕೆ. ನಿಮ್ಮ ರಸೀದಿಯಲ್ಲಿಯೂ ಕೆಲಸದ ವಿವರ ‘ಜೋಡಣೆ ಮತ್ತು ಚೌಕಟ್ಟು’ ಎಂದಷ್ಟೇ ಇದೆ. ಸ್ವಚ್ಛ ಮಾಡಿಕೊಡಿ ಎಂದು ನಾನು ಬರೆದೂ ಇಲ್ಲ, ಫೋನಿನಲ್ಲಿ ಹೇಳಿಯೂ ಇಲ್ಲ. ಆದರೂ ಮರಳಿ ಬಂದ ಪೆಟ್ಟಿಗೆಯೊಳಗೆ ಒಂದು ಚೀಟಿ ಇತ್ತು: ಗ್ರಾಹಕರಿಗೆ ಕೊಡುಗೆಯಾಗಿ ಬ್ಯಾಡ್ಜ್‌ಗಳನ್ನು ಉಚಿತವಾಗಿ ಶುಚಿಗೊಳಿಸಲಾಗಿದೆಯಂತೆ. ಆ ಉಚಿತದ ಲೆಕ್ಕವನ್ನೇ ಈ ಪತ್ರದಲ್ಲಿ ಕೊಡುತ್ತಿದ್ದೇನೆ.

ಮೊದಲು ಅಸಿಟೋನ್ ಎಂಬ ಥಿನ್ನರಿನ ವಿಚಾರ. ‘ಹಳದಿ ಕೊಳೆ ತೆಗೆಯಲು’ ಅದನ್ನು ಬಳಸಿರುವುದಾಗಿ ನಿಮ್ಮ ತಂತ್ರಜ್ಞರು ಮಿಂಚಂಚೆಯಲ್ಲಿ ಒಪ್ಪಿಕೊಂಡಿದ್ದಾರೆ. ಅದು ಕೊಳೆಯಲ್ಲ, ಬ್ಯಾಡ್ಜ್ ಮೇಲಿನ ಸೆಲ್ಯುಲಾಯ್ಡ್ ಹೊದಿಕೆ ಮುಪ್ಪಾದಾಗ ತಾಳುವ ಬಣ್ಣ. ನನ್ನ ಸಂಗ್ರಹದ ಹಳೆಯ ಬ್ಯಾಡ್ಜ್‌ಗಳು ಅಮೆರಿಕದ ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿದ್ದ ವೈಟ್‌ಹೆಡ್ ಅಂಡ್ ಹೋಗ್ ಕಂಪನಿಯವು. ಮುದ್ರಿಸಿದ ಕಾಗದದ ಮೇಲೆ ತೆಳುವಾದ ಸೆಲ್ಯುಲಾಯ್ಡ್ ಹಾಳೆ ಹೊದಿಸಿ, ಎರಡನ್ನೂ ತಗಡಿನ ಬಿಲ್ಲೆಯ ಮೇಲೆ ಒತ್ತಿ, ಹಿಂದಿನಿಂದ ಒಂದು ಉಂಗುರ ಸಿಕ್ಕಿಸಿ ಮಡಚುವುದು ಅವರ ವಿಧಾನ. ನನ್ನ ಅಂಗಡಿಯ ಕೈಯಂತ್ರವೂ ಇಂದಿಗೂ ಹೆಚ್ಚುಕಡಿಮೆ ಅದನ್ನೇ ಮಾಡುತ್ತದೆ, ಸೆಲ್ಯುಲಾಯ್ಡ್ ಬದಲು ಪ್ಲಾಸ್ಟಿಕ್ ಹಾಳೆ ಹಾಕುತ್ತೇವೆ, ಅಷ್ಟೇ. ಸೆಲ್ಯುಲಾಯ್ಡ್ ಎಂದರೆ ನೈಟ್ರೇಟ್ ಆದ ಸೆಲ್ಯುಲೋಸ್ ಮತ್ತು ಕರ್ಪೂರ. ಅಸಿಟೋನ್ ತಗುಲಿದರೆ ಅದು ಕರಗುತ್ತದೆ. ನಮ್ಮ ಪ್ರೆಸ್ಸಿನಲ್ಲಿ ಸ್ಕ್ರೀನ್ ತೊಳೆಯುವ ಹುಡುಗನಿಗೂ ಥಿನ್ನರ್ ಯಾವುದಕ್ಕೆ ತಾಗಬಾರದು ಎಂಬುದು ಗೊತ್ತಿದೆ.

ಹಾಗೆ ಕರಗಿದವುಗಳಲ್ಲಿ ಮೊದಲನೆಯದು ಯೆಲ್ಲೋ ಕಿಡ್. ಅದನ್ನು ನಿಮ್ಮ ಪಟ್ಟಿಯಲ್ಲಿ ‘ಬೋಳುತಲೆಯ ಮಗು, ಸಾಧಾರಣ’ ಎಂದು ನಮೂದಿಸಿದ್ದೀರಿ. ರಿಚರ್ಡ್ ಔಟ್‌ಕಾಲ್ಟ್ ಎಂಬ ವ್ಯಂಗ್ಯಚಿತ್ರಕಾರ ಬರೆದ ಈ ಹುಡುಗ ನ್ಯೂಯಾರ್ಕ್‌ನ ಪತ್ರಿಕೆಗಳಲ್ಲಿ ಹಳದಿ ನಿಲುವಂಗಿ ತೊಟ್ಟು, ತನ್ನ ಮಾತನ್ನು ಆ ಅಂಗಿಯ ಮೇಲೆಯೇ ಬರೆಸಿಕೊಂಡು ಓಡಾಡುತ್ತಿದ್ದವನು. 1896ರಲ್ಲಿ ಹೈ ಅಡ್ಮಿರಲ್ ಸಿಗರೇಟು ತಯಾರಿಸುತ್ತಿದ್ದ ಕಂಪನಿ ಗಿರಾಕಿಗಳನ್ನು ಸೆಳೆಯಲು ಅವನನ್ನು ಬ್ಯಾಡ್ಜ್‌ಗಳಿಗೆ ಏರಿಸಿತು. ಅದೇ ವರ್ಷ ಮೆಕಿನ್ಲಿ ಮತ್ತು ಬ್ರಯಾನ್ ನಡುವಿನ ಅಧ್ಯಕ್ಷ ಚುನಾವಣೆಯಲ್ಲಿ ಸೆಲ್ಯುಲಾಯ್ಡ್ ಬ್ಯಾಡ್ಜ್ ಮೊದಲ ಬಾರಿಗೆ ದೊಡ್ಡ ಪ್ರಮಾಣದಲ್ಲಿ ಹಂಚಿಕೆಯಾಯಿತು. ಅಧ್ಯಕ್ಷ ಪದವಿಯ ಅಭ್ಯರ್ಥಿಯೂ ಸಿಗರೇಟಿನ ಜೊತೆ ಬರುವ ಪೋಲಿ ಹುಡುಗನೂ ಒಂದೇ ಅಳತೆಯ ತಗಡಿನ ಮೇಲೆ ಕೂತ ಕಾಲ ಅದು. ಈಗ ಆ ಹುಡುಗನ ಮುಖ ಬಿಳಿಚಿ ಅಂಟಂಟಾಗಿದೆ, ಅಂಗಿಯ ಮೇಲಿನ ಅಕ್ಷರ ಓದಲು ಬರುವುದಿಲ್ಲ.

ಬ್ಯಾಡ್ಜ್‌ಗಳ ಹಿಂಬದಿಗೆ ಮಾಡಿರುವುದು ಇನ್ನೂ ಕೆಟ್ಟ ಕೆಲಸ. ವೈಟ್‌ಹೆಡ್ ಅಂಡ್ ಹೋಗ್ ಬ್ಯಾಡ್ಜ್‌ಗಳ ಹಿಂದಿನ ಕುಳಿಯಲ್ಲಿ ಒಂದು ಸಣ್ಣ ದುಂಡನೆಯ ಕಾಗದ ಇರುತ್ತದೆ. ಅದರ ಮೇಲೆ ಕಂಪನಿಯ ಹೆಸರು, ಊರು, 1896ರ ಜುಲೈ 21 ಎಂಬಂಥ ಪೇಟೆಂಟ್ ದಿನಾಂಕಗಳು ಅಚ್ಚಾಗಿರುತ್ತವೆ. ಸಂಗ್ರಹ ಮಾಡುವವರು ಅಸಲು ಯಾವುದು, ಯಾವ ಕಾಲದ್ದು ಎಂದು ಗುರುತಿಸುವುದು ಮುಂದಿನ ಚಿತ್ರ ನೋಡಿ ಅಲ್ಲ, ಈ ಕಾಗದ ನೋಡಿ. ಕೆಲವು ಬ್ಯಾಡ್ಜ್‌ಗಳ ಅಂಚಿನಲ್ಲಿ ಮುದ್ರಣ ಕಾರ್ಮಿಕರ ಸಂಘದ ಪುಟ್ಟ ಮುದ್ರೆಯೂ ಇರುತ್ತದೆ. ಕಾಟನ್ ಮಿಲ್ಲುಗಳ ಊರಿನವನಾದ ನನಗೆ ಆ ಮುದ್ರೆ ಕಂಡಾಗಲೆಲ್ಲ ಖುಷಿಯಾಗುತ್ತಿತ್ತು. ನೀವು ಪಿನ್ನುಗಳನ್ನು ಕತ್ತರಿಸಿ ತೆಗೆದು, ಆ ಕುಳಿಗಳ ತುಂಬ ಬಿಸಿ ಅಂಟು ಸುರಿದು, ಬ್ಯಾಡ್ಜ್‌ಗಳನ್ನು ಹಲಗೆಗೆ ಒತ್ತಿದ್ದೀರಿ. ಒಂದನ್ನು ಬಿಡಿಸಿ ನೋಡಿದೆ. ಕಾಗದ ಅಂಟಿನ ಜೊತೆಗೇ ಕಿತ್ತು ಬಂತು. ಉಳಿದವನ್ನು ಮುಟ್ಟಿಲ್ಲ.

ಇಷ್ಟು ಸಾಲದೆಂಬಂತೆ ಚೌಕಟ್ಟಿಗೆ ಗಾಳಿಯಾಡದ ಹಾಗೆ ಮೇಣ ಬಳಿದು, ಒಳಗೆ ದೀಪ ಕೂರಿಸಿದ್ದೀರಿ. ಹಳೆಯ ಸೆಲ್ಯುಲಾಯ್ಡ್ ಆಮ್ಲದ ಹೊಗೆ ಬಿಡುತ್ತದೆ, ಅದಕ್ಕೆ ಗಾಳಿ ಬೇಕು, ತಂಪು ಬೇಕು. ಮುಚ್ಚಿದ ಪೆಟ್ಟಿಗೆಯಲ್ಲಿ ಆ ಹೊಗೆ ತಗಡನ್ನೂ ಪಕ್ಕದ ಬ್ಯಾಡ್ಜನ್ನೂ ತಿನ್ನುತ್ತದೆ. ಜೊತೆಗೆ ಇದು ಸುಲಭವಾಗಿ ಹೊತ್ತಿಕೊಳ್ಳುವ ವಸ್ತು. ದಾವಣಗೆರೆಯ ಬೇಸಿಗೆಯಲ್ಲಿ ಅದರ ನೆತ್ತಿಯ ಮೇಲೆ ದೀಪ ಉರಿಸುವ ಬುದ್ಧಿ ಯಾರದು ಎಂದು ತಿಳಿಯುವ ಕುತೂಹಲ ನನಗಿದೆ. ದೀಪದ ತಂತಿಯನ್ನು ಬಂದ ದಿನವೇ ಕತ್ತರಿಸಿದ್ದೇನೆ.

1945ರಿಂದ 1947ರವರೆಗೆ ಕೆಲಾಗ್ಸ್ ಕಂಪನಿಯ ಪೆಪ್ ಎಂಬ ತಿಂಡಿಯ ಪೊಟ್ಟಣದಲ್ಲಿ ಬರುತ್ತಿದ್ದ ಕಾಮಿಕ್ ಪಾತ್ರಗಳ ಬ್ಯಾಡ್ಜ್‌ಗಳ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಅವು ತಗಡಿನ ಮೇಲೆಯೇ ನೇರ ಮುದ್ರಿಸಿದವು, ಸೆಲ್ಯುಲಾಯ್ಡ್ ಇಲ್ಲ. ಹಾಗಾಗಿ ಬಣ್ಣ ಅಲ್ಲಲ್ಲಿ ಹೋಗಿದೆ, ಆಕಾರ ಉಳಿದಿದೆ. 86 ಬ್ಯಾಡ್ಜ್‌ಗಳ ಆ ಪೂರ್ತಿ ಸರಣಿ ನನ್ನಲ್ಲಿ ಇಲ್ಲದಿದ್ದುದು ನಿಮ್ಮ ಪುಣ್ಯ.

ಇನ್ನು ನಗುಮುಖ. ಮಸುಕಾಗಿದ್ದ ಎಪ್ಪತ್ತರ ದಶಕದ ಹಳದಿ ನಗುಮುಖದ ಬ್ಯಾಡ್ಜನ್ನು ತೆಗೆದು, ಆ ಜಾಗದಲ್ಲಿ ಹೊಸದೊಂದನ್ನು ಕೂರಿಸಿದ್ದೀರಿ. ಕೇಳಿದರೆ, ‘ಚಿತ್ರ ಅದೇ ಅಲ್ಲವೇ ಸರ್, ಇನ್ನೂ ಚೆನ್ನಾಗಿದೆ’ ಎಂದು ನಿಮ್ಮ ಗ್ರಾಹಕ ಸೇವೆಯವರು ಹೇಳಿದರು. ಹಾಳಾದ ಉಳಿದವನ್ನೂ ಹೀಗೆಯೇ ಹೊಸದಾಗಿ ಮುದ್ರಿಸಿಕೊಡುತ್ತಾರಂತೆ. ನನ್ನ ಸಿಟ್ಟಿಗೆ ನಿಜವಾದ ಕಾರಣ ಈ ಮಾತು. ಆ ಚಿತ್ರವನ್ನು 1963ರಲ್ಲಿ ಅಮೆರಿಕದ ವುಸ್ಟರ್ ನಗರದ ಹಾರ್ವೆ ಬಾಲ್ ಎಂಬ ಕಲಾವಿದ ಒಂದು ವಿಮಾ ಕಂಪನಿಗಾಗಿ ಬರೆದ. ನೌಕರರ ಮುಖದಲ್ಲಿ ನಗು ತರಿಸಬೇಕೆಂಬುದು ಕಂಪನಿಯ ಆಸೆ. ಸಿಕ್ಕ ಸಂಭಾವನೆ 45 ಡಾಲರ್. ಅವನು ಅದರ ಹಕ್ಕು ಕಾಯ್ದಿರಿಸಿಕೊಳ್ಳಲಿಲ್ಲ. ಎಪ್ಪತ್ತರ ದಶಕದ ಆರಂಭದಲ್ಲಿ ಫಿಲಡೆಲ್ಫಿಯಾದ ಸ್ಪೇನ್ ಸಹೋದರರು ಅದಕ್ಕೊಂದು ಶುಭಹಾರೈಕೆಯ ಸಾಲು ಸೇರಿಸಿ ಕೋಟಿಗಟ್ಟಲೆ ಬ್ಯಾಡ್ಜ್ ಮಾರಿದರು. ಅಂದರೆ ಚಿತ್ರ ಯಾವತ್ತೋ ಊರಿನ ಸ್ವತ್ತಾಗಿದೆ. ನಾನೇ ಮಕ್ಕಳ ಹುಟ್ಟುಹಬ್ಬಗಳಿಗೆ ಎಷ್ಟೋ ಒತ್ತಿಕೊಟ್ಟಿದ್ದೇನೆ. ಚಿತ್ರ ಬೇಕಿದ್ದರೆ ಅಮೆರಿಕದಲ್ಲಿರುವ ಅಕ್ಕನ ಮಗನಿಗೆ ದುಂಬಾಲು ಬಿದ್ದು ಹಳೇ ಸಾಮಾನಿನ ಸಂತೆಗಳಲ್ಲಿ ಹುಡುಕಿಸುತ್ತಿರಲಿಲ್ಲ. ಆ ವರ್ಷಗಳಲ್ಲಿ ಯಾರೋ ಅಂಗಿಗೆ ಚುಚ್ಚಿಕೊಂಡು ತಿರುಗಿದ ಆ ತಗಡೇ ನನಗೆ ಬೇಕಾಗಿದ್ದುದು.

ಅಮೆರಿಕದಲ್ಲಿ ಹಳೆಯ ರಾಜಕೀಯ ಬ್ಯಾಡ್ಜ್‌ನ ನಕಲು ಮಾಡಿದರೆ ತಯಾರಿಸಿದ ವರ್ಷವನ್ನು ಅದರ ಮೇಲೆ ಅಚ್ಚು ಹಾಕಲೇಬೇಕೆಂದು 1973ರಲ್ಲಿ ಕಾನೂನೇ ಆಯಿತು. ನಗುಮುಖಕ್ಕೆ ಆ ಕಾನೂನು ಅನ್ವಯಿಸುವುದಿಲ್ಲ, ಬೆಂಗಳೂರಿಗಂತೂ ಇಲ್ಲವೇ ಇಲ್ಲ. ಆದರೆ ಹೊಸದನ್ನು ಹಳೆಯದರ ಜಾಗದಲ್ಲಿ ಸದ್ದಿಲ್ಲದೆ ಕೂರಿಸುವುದಕ್ಕೆ ನಮ್ಮ ಮಂಡಿಪೇಟೆಯ ವ್ಯಾಪಾರಿಗಳೂ ಒಳ್ಳೆಯ ಹೆಸರನ್ನೇನೂ ಇಡುವುದಿಲ್ಲ.

ಕೊನೆಯದಾಗಿ, ದುಡ್ಡು ಕೊಟ್ಟರೂ ಸಿಗದ ಒಂದು ಬ್ಯಾಡ್ಜ್. ನನ್ನ ತಂದೆ ತಮ್ಮ ಟ್ರೆಡಲ್ ಯಂತ್ರದಲ್ಲಿ ಕಾಗದ ಮುದ್ರಿಸಿ, 1982ರ ಗೋಕಾಕ್ ಚಳವಳಿಯ ಮೆರವಣಿಗೆಗೆಂದು ಮಾಡಿಕೊಟ್ಟಿದ್ದು. ಕೆಳಗೆ ಕೆಂಪು ಹಳದಿ ರಿಬ್ಬನ್ನಿನ ಬಾಲ ಇತ್ತು. ಮೆರವಣಿಗೆ ಮುಗಿದ ಮೇಲೆ ಯಾರೂ ಇಂಥದನ್ನು ಎತ್ತಿಡುವುದಿಲ್ಲ. ರಾಜ್ಯೋತ್ಸವದ ಮರುದಿನ ಜಯದೇವ ವೃತ್ತದಲ್ಲಿ ಕಸ ಗುಡಿಸುವವರನ್ನು ಕೇಳಿದರೆ ಎಷ್ಟು ಬ್ಯಾಡ್ಜ್ ಬಿದ್ದಿರುತ್ತವೆ ಎಂದು ಹೇಳಿಯಾರು. ಅಮ್ಮ ಎತ್ತಿಟ್ಟಿದ್ದರಿಂದ ಇದು ಉಳಿದಿತ್ತು. ಬಣ್ಣ ಮಾಸಿದೆ ಎಂದು ನೀವು ಆ ರಿಬ್ಬನ್ನನ್ನು ಕತ್ತರಿಸಿ, ಮದುವೆಯ ಉಡುಗೊರೆಗೆ ಕಟ್ಟುವಂಥ ಮಿರಿಮಿರಿ ಸ್ಯಾಟಿನ್ ರಿಬ್ಬನ್ ಅಂಟಿಸಿದ್ದೀರಿ. ಕೆಂಪು ಮೇಲೆ, ಹಳದಿ ಕೆಳಗೆ. ನಮ್ಮ ಬಾವುಟದಲ್ಲಿ ಯಾವ ಬಣ್ಣ ಮೇಲಿದೆ ಎಂಬುದನ್ನಾದರೂ ಒಮ್ಮೆ ನೋಡಬಹುದಿತ್ತು.

ಆದ್ದರಿಂದ ನನ್ನ ಬೇಡಿಕೆಗಳು ಇವು. ಕತ್ತರಿಸಿದ ರಿಬ್ಬನ್, ತೆಗೆದಿಟ್ಟ ನಗುಮುಖ ಮತ್ತು ಕಿತ್ತ ಪಿನ್ನುಗಳು ನಿಮ್ಮ ಕಾರ್ಯಾಗಾರದ ಯಾವ ಡಬ್ಬಿಯಲ್ಲಿದ್ದರೂ ಹುಡುಕಿ ಕಳುಹಿಸಿ. ಎಲ್ಲಕ್ಕಿಂತ ಮೊದಲು ನನಗೆ ಬೇಕಾಗಿರುವುದು ಅದು. ಯಾವ ಬ್ಯಾಡ್ಜ್‌ಗೆ ಏನು ಹಚ್ಚಿದಿರಿ, ಯಾವ ಅಂಟು ಬಳಸಿದಿರಿ ಎಂಬುದನ್ನು ಒಂದೊಂದಾಗಿ ಬರೆದು ಕೊಡಿ. ಸಂರಕ್ಷಣೆ ಬಲ್ಲವರಿಗೆ ಉಳಿದವನ್ನು ತೋರಿಸಲು ಅದಿಲ್ಲದೆ ಆಗುವುದಿಲ್ಲ, ಆ ಖರ್ಚನ್ನು ನೀವು ಭರಿಸಬೇಕು. ನಿಮ್ಮ ಸೇವಾಶುಲ್ಕವನ್ನು ಪೂರ್ತಿ ಮರಳಿಸಿ, ಕೊಂಡ ರಸೀದಿ ಇರುವ ಬ್ಯಾಡ್ಜ್‌ಗಳ ಬೆಲೆ ಕಟ್ಟಿಕೊಡಿ. ತಂದೆಯವರ ಬ್ಯಾಡ್ಜ್‌ಗೆ ನಾನು ಬೆಲೆ ಹಾಕಿಲ್ಲ, ನೀವೂ ಹಾಕುವುದು ಬೇಡ. ಹೊಸದಾಗಿ ಮುದ್ರಿಸಿಕೊಡುವ ಮಾತನ್ನಂತೂ ಮತ್ತೆ ಎತ್ತಬೇಡಿ.

ನೀವು ಆದೇಶ ಪಡೆಯುವುದು ಜಾಲತಾಣದ ಮೂಲಕ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಕುಂದುಕೊರತೆ ಅಧಿಕಾರಿಗಳು ದೂರು ತಲುಪಿದ್ದನ್ನು 48 ಗಂಟೆಗಳಲ್ಲಿ ಖಚಿತಪಡಿಸಿ, ಒಂದು ತಿಂಗಳಲ್ಲಿ ಪರಿಹರಿಸಬೇಕು. ಅದಾಗದಿದ್ದರೆ ಸೇವಾ ನ್ಯೂನತೆಯ ದೂರನ್ನು ಜಿಲ್ಲಾ ಗ್ರಾಹಕರ ಆಯೋಗಕ್ಕೆ ಕೊಡುತ್ತೇನೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಾನು ವಾಸಿಸುವ ಊರಿನಲ್ಲಿಯೇ ದೂರು ಹೂಡಬಹುದು. ವಿಚಾರಣೆಗೆ ಬೆಂಗಳೂರಿನಿಂದ ಇಲ್ಲಿಗೆ ಬರಬೇಕಾದವರು ನೀವು.

ಚೌಕಟ್ಟನ್ನು ಪರಿಶೀಲಿಸಲು ಯಾರನ್ನಾದರೂ ಕಳುಹಿಸುವುದಾದರೆ ಮೊದಲೇ ತಿಳಿಸಿ. ನನ್ನೆದುರಿನಲ್ಲಿ ನೋಡಬಹುದು, ಒಯ್ಯುವಂತಿಲ್ಲ.

ಇಂತಿ,
(ಸಹಿ)

ಲಗತ್ತು: ರಸೀದಿಯ ಪ್ರತಿ, ಕಳುಹಿಸುವ ಮುನ್ನ ತೆಗೆದ ಎರಡೂ ಬದಿಯ ಛಾಯಾಚಿತ್ರಗಳು, ಈಗಿನ ಸ್ಥಿತಿಯ ಛಾಯಾಚಿತ್ರಗಳು, ನಿಮ್ಮ ತಂತ್ರಜ್ಞರ ಮಿಂಚಂಚೆ, ಖರೀದಿ ರಸೀದಿಗಳು.