ಗುರುವಿನ ಧ್ರುವಪ್ರಭೆಗೆ ಸರಕು ಅಯೋದಿಂದ

ಮಾನ್ಯರೇ,

ಗುರುಗ್ರಹದ ಧ್ರುವಪ್ರಭೆಯ (ಧ್ರುವಗಳ ಬಳಿಯ ಆಕಾಶದ ಬೆಳಕು) ಚಿತ್ರ ಅಚ್ಚಾದಾಗಲೆಲ್ಲ ‘ಸೌರಮಾರುತದಿಂದಾದ ಬೆಳಕು’, ಅಂದರೆ ಸೂರ್ಯನಿಂದ ಹರಿದುಬರುವ ಕಣಗಳಿಂದಾದದ್ದು, ಎಂಬ ಅಡಿಬರಹ ಸಾಮಾನ್ಯ. ಭೂಮಿಯ ಮಟ್ಟಿಗೆ ಅದು ಸರಿ. 2024ರ ಮೇನಲ್ಲಿ ಲಡಾಖಿನ ಹಾನ್ಲೆಯ ಆಕಾಶ ಕೆಂಪಾದದ್ದು ಸೂರ್ಯನ ಬಿರುಗಾಳಿಯಿಂದಲೇ. ಗುರುವಿನಲ್ಲಿ ಮುಖ್ಯ ಕಾರಣವೇ ಬೇರೆ, ಅದನ್ನು ಓದುಗರಿಗೆ ಹೇಳಲೇಬೇಕು.

ಅಲ್ಲಿನ ಪ್ಲಾಸ್ಮಾದ (ವಿದ್ಯುದಾವಿಷ್ಟ ಕಣಗಳ ಅನಿಲ) ಬಹುಪಾಲು ಬರುವುದು ಅಯೋ ಎಂಬ ಉಪಗ್ರಹದಿಂದ. ಅದರ ಜ್ವಾಲಾಮುಖಿಗಳ ಸಲ್ಫರ್ ಡೈಆಕ್ಸೈಡ್ ಸೆಕೆಂಡಿಗೆ ಸುಮಾರು ಒಂದು ಟನ್ನಿನಂತೆ ಅಯೋವನ್ನು ಬಿಟ್ಟು ಹೊರಟು, ಒಡೆದು, ಅಯಾನುಗಳಾಗಿ ಅದರ ಕಕ್ಷೆಯುದ್ದಕ್ಕೂ ಉಂಗುರ ಕಟ್ಟುತ್ತದೆ. ಗುರುವಿನ ಒಂದು ದಿನ 10 ಗಂಟೆಗೂ ಕಡಿಮೆ. ಜೊತೆಗೇ ತಿರುಗುವ ಕಾಂತಕ್ಷೇತ್ರ ಈ ಪ್ಲಾಸ್ಮಾವನ್ನು ಸೆಕೆಂಡಿಗೆ 74 ಕಿ.ಮೀ. ವೇಗದಲ್ಲಿ ಎಳೆದೊಯ್ಯುತ್ತದೆ, ಅಯೋದ ವೇಗ 17 ಕಿ.ಮೀ. ಮಾತ್ರ. ಪ್ಲಾಸ್ಮಾ ನಿಧಾನವಾಗಿ ಹೊರಕ್ಕೆ ಹರಡಿ, ಗುರುವಿನ ತ್ರಿಜ್ಯದ 20–30 ಪಟ್ಟು ದೂರ ಹೋಗುವಷ್ಟರಲ್ಲಿ ಗ್ರಹದ ವೇಗಕ್ಕೆ ಸರಿಸಾಟಿಯಾಗದೆ ಹಿಂದೆ ಬೀಳುತ್ತದೆ. ಅದನ್ನು ಮತ್ತೆ ಎಳೆಯಲು ಕಾಂತರೇಖೆಗಳ ಗುಂಟ ವಿದ್ಯುತ್ ಹರಿಯುತ್ತದೆ, ಎಲೆಕ್ಟ್ರಾನುಗಳು ಧ್ರುವದ ಬಳಿ ಹೈಡ್ರೋಜನ್‌ಗೆ ಅಪ್ಪಳಿಸಿ ಅದನ್ನು ಬೆಳಗಿಸುತ್ತವೆ. ಅಲ್ಲಿನ ಪ್ರಭಾವಲಯ ಎಂದೂ ಆರದಿರುವುದು ಇದರಿಂದಲೇ. ಸೌರಮಾರುತ ಅದರ ಹೊಳಪನ್ನು ಏರಿಳಿಸಬಲ್ಲದು.

2016ರಲ್ಲಿ ಗುರುವಿನ ಕಕ್ಷೆ ಸೇರಿದ ಜೂನೊ ನೌಕೆಯ ಅಳತೆಗಳು ಈ ವಿವರಣೆಯನ್ನು ತಿದ್ದಿವೆ. ಧ್ರುವಗಳ ಮೇಲೆ 4 ಲಕ್ಷ ವೋಲ್ಟ್‌ವರೆಗಿನ ವಿಭವಾಂತರ (ವೋಲ್ಟೇಜ್ ವ್ಯತ್ಯಾಸ) ಸಿಕ್ಕಿತು, ನಿಜ. ಆದರೆ ಅತ್ಯಂತ ಪ್ರಖರವಾದ ಬೆಳಕಿಗೆ ಕಾರಣ ಅದಲ್ಲ, ಎಲೆಕ್ಟ್ರಾನುಗಳಿಗೆ ಒಂದೇ ಪ್ರಮಾಣದಲ್ಲಲ್ಲದೆ, ಒಂದಕ್ಕೆ ಹೆಚ್ಚು ಇನ್ನೊಂದಕ್ಕೆ ಕಡಿಮೆ ಎಂಬಂತೆ ಶಕ್ತಿ ತುಂಬುವ, ಅಲೆಗಳಂಥ ಬೇರೊಂದು ಪ್ರಕ್ರಿಯೆ.

ಚಿತ್ರದ ನೀಲಿಯೂ ಕಣ್ಣಿಗೆ ಕಾಣುವ ಬಣ್ಣವಲ್ಲ. ಹಬಲ್ ಬಾಹ್ಯಾಕಾಶ ದೂರದರ್ಶಕ ಹಿಡಿದ ನೇರಳಾತೀತ ಬೆಳಕಿಗೆ ನೀಲಿ ಹಚ್ಚಿ, ಬೇರೆ ಹೊತ್ತಿನಲ್ಲಿ ತೆಗೆದ ಬಣ್ಣದ ಚಿತ್ರದ ಮೇಲೆ ಕೂರಿಸುತ್ತಾರೆ. ಅಡಿಬರಹದಲ್ಲಿ ಒಂದು ಸಾಲು ಸಾಕು.

ನೋಡಲಾಗದ ಇದನ್ನು ಕಾಲೇಜುಗಳು ಕೇಳಿಸಿಕೊಳ್ಳಬಹುದು. ಇದೇ ಎಲೆಕ್ಟ್ರಾನುಗಳ ಆಟದಿಂದ ಗುರು ಹೊಮ್ಮಿಸುವ ರೇಡಿಯೊ ಸದ್ದು 1955ರಲ್ಲೇ ಪತ್ತೆಯಾಗಿತ್ತು. 20.1 ಮೆಗಾಹರ್ಟ್ಸ್‌ಗೆ 7.1 ಮೀಟರ್ ತಂತಿಯನ್ನು ನಡುವೆ ಕತ್ತರಿಸಿ, ಡೈಪೋಲ್ (ಎರಡು ತೋಳಿನ ಆಂಟೆನಾ) ಆಗಿ 3ರಿಂದ 6 ಮೀಟರ್ ಎತ್ತರಕ್ಕೆ ಕಟ್ಟಿ, ಶಾರ್ಟ್‌ವೇವ್ ರಿಸೀವರಿಗೆ ಜೋಡಿಸಬೇಕು. ರಿಸೀವರಿನ ಎಜಿಸಿಯನ್ನು (ಸದ್ದನ್ನು ತಾನಾಗಿ ಒಂದೇ ಮಟ್ಟದಲ್ಲಿಡುವ ವ್ಯವಸ್ಥೆ) ಆಫ್ ಮಾಡದಿದ್ದರೆ ಸದ್ದಿನ ಏರಿಳಿತವೇ ಅಳಿಸಿಹೋಗುತ್ತದೆ. ಹಗಲಲ್ಲಿ ಅಯಾನುಗೋಳ (ವಾತಾವರಣದ ಮೇಲಿನ ವಿದ್ಯುದಾವಿಷ್ಟ ಪದರ), ದೂರದ ಪ್ರಸಾರ ಕೇಂದ್ರಗಳು ಅಡ್ಡ ಬರುತ್ತವೆ. ಗುರು ಮೇಲಿರುವ ನಡುರಾತ್ರಿಯ ನಂತರದ ಹೊತ್ತು ಒಳ್ಳೆಯದು. ಎಲ್‌ಇಡಿ ದೀಪ, ಚಾರ್ಜರುಗಳನ್ನು ಆಫ್ ಮಾಡಿ. ಅಯೋ ತನ್ನ ಕಕ್ಷೆಯಲ್ಲಿ, ನಮ್ಮಿಂದ ನೋಡಿದಂತೆ ಗುರುವಿನ ಹಿಂಬದಿಯ ನಡುವಿನಿಂದ 90 ಅಥವಾ 240 ಡಿಗ್ರಿ ಸರಿದಿದ್ದಾಗ, ಗುರುವಿನ ತಕ್ಕ ಮುಖ ನಮ್ಮತ್ತ ತಿರುಗಿದ್ದರೆ, ಕೇಳಿಸುವ ಸಾಧ್ಯತೆ ಹೆಚ್ಚು. ದಡಕ್ಕೆ ಬಡಿಯುವ ಅಲೆಯಂಥ ಸದ್ದು ಬಂದರೆ ಡೈಪೋಲ್ ತೆಗೆದು ನೋಡಿ. ಆಗಲೂ ಉಳಿದರೆ ಅದು ಗುರುವಿನದಲ್ಲ, ರಿಸೀವರಿನದೇ ಅಥವಾ ಅದರ ವಿದ್ಯುತ್ ತಂತಿಯಿಂದ ಬಂದ ಗದ್ದಲ.

– ಖಗೋಳಾಸಕ್ತ ಓದುಗರು